ಕೂಸಿಗಿಂತ ಮುಂಚೆ

ಕೂಸು ಹುಟ್ಟುವ ಮುಂಚೆಯೇ ಕುಲಾವಿಯೆಂದು
ನಗಬೇಡಿ.
ಕೂಸು ಹುಟ್ಟಿ ಮೂರು ವರ್ಷ ಹತ್ತು ತಿಂಗಳಾಗಿದೆ.
ಗುರುವಾರ ನಾಲ್ಕಕ್ಕೆ ಬರುತ್ತಾನೆ,
ನಗರಸಭೆಯ ಕಾರಿನ ಹಿಂದಿನ ಸೀಟಿನಲ್ಲಿ,
ಒಂದು ಪ್ಲಾಸ್ಟಿಕ್ ಚೀಲದ ಜೊತೆ.

ಕಡತದಲ್ಲಿ ಎಲ್ಲ ಇದೆ.
ಹೆಸರು ಕಾಯೆತಾನ್. ಕಡಲೇಕಾಯಿ ಒಗ್ಗದು.
ಎಡಗಿವಿಗೆ ಎರಡು ಸಲ ಸೋಂಕು.
ನಾಯಿ ಕಂಡರೆ ಭಯ; ಯಾವ ನಾಯಿ ಎಂದಿಲ್ಲ.
ತಲೆಯ ಸುತ್ತಳತೆ ಮಾತ್ರ ಯಾರೂ ಬರೆದಿಲ್ಲ.

ನಮ್ಮ ಮನೆಗೆ ಇವನು ಹನ್ನೆರಡನೆಯವನು.
ಬಂದವರು ಆರು ವಾರ ಇರುತ್ತಾರೆ, ಕೆಲವರು ಒಂದು ಚಳಿಗಾಲ.
ಹೋಗುವಾಗ ಟವೆಲು ಅವರದು, ನಾನೇ ಮಾಡಿದ ನಿಯಮ.
ಹಾಗಾಗಿ ಗ್ದೀನ್ಯಾ ಬಂದರಿನ ಮೇಲಿನ ಈ ನಾಲ್ಕನೇ ಮಹಡಿಯಲ್ಲಿ
ಪುಟ್ಟ ಮಂಚವಿದೆ, ಪುಟ್ಟ ಚಮಚವಿದೆ,
ಟೊಪ್ಪಿಯ ಟವೆಲು ಒಂದೂ ಇಲ್ಲ.

ಮಾರುಕಟ್ಟೆಯಲ್ಲಿ ಮೀನಿನ ಸಾಲು ದಾಟಿ
ದೊಡ್ಡದೊಂದು ಕೊಂಡೆ, ಸಾಸಿವೆ ಬಣ್ಣ; ಚಿಕ್ಕದು ಬೂದಿ.
ಅಂಗಡಿಯ ಗೆನೊವೇಫಾ ಅಂಚು ಹಿಡಿದು ಜಗ್ಗಿ ತೋರಿಸಿದಳು:
‘ಎಷ್ಟು ಕುಡಿದರೂ ಜಗಳ ತೆಗೆಯಲ್ಲ, ನೋಡು,
ನನ್ನ ಗಂಡನ ಹಾಗಲ್ಲ.’

ಅಳತೆಗೆ ಒಂದು ತಲೆ ಬೇಕಲ್ಲ.
ವಿಟೋಲ್ಡ್ ಅಡುಗೆಮನೆಯಿಂದ ಎಲೆಕೋಸು ತಂದ.
ನಾನು ಕೆಳಮನೆಯ ಇಗ್ನಾತ್ಸಿಯ ತಲೆಯನ್ನು
ಒಂದು ಚಾಕೊಲೇಟಿಗೆ ಐದು ನಿಮಿಷ ಬಾಡಿಗೆ ಹಿಡಿದೆ.
ಐವತ್ತೊಂದು. ಕಚಗುಳಿಗೆ ಕುಣಿದದ್ದಕ್ಕೆ ಇನ್ನರ್ಧ ಸೇರಿಸಿದೆ.

ಚಿಕ್ಕದನ್ನು ನಡುವಿಗೆ ಮಡಚಿ ಬೆನ್ನು ಹೊಲಿದೆ.
ನೆತ್ತಿಯ ಮೊನೆಗೆ ಅಡ್ಡ ಹೊಲಿಗೆ ಹಾಕಿ ಕತ್ತರಿಸಿದೆ,
ಇಲ್ಲದಿದ್ದರೆ ಮಗು ಲಾಲಿಕೆಯ ಹಾಗೆ ಕಾಣುತ್ತದೆ.
ದೊಡ್ಡದರ ನಡುವಿಗೆ ಸೀಮೆಸುಣ್ಣದ ಗೀಟು,
ಆಚೆಗೊಂದು ನೆರಿಗೆ, ಈಚೆಗೊಂದು ನೆರಿಗೆ,
ಕೆಳಗೆ ಟೊಪ್ಪಿ ಕೂರಿಸಿ ಕಾಲೊತ್ತಿದೆ.
ಅಲ್ಲಿ ಆರು ಪದರ.
ಅಮ್ಮನ ಕಾಲದ ಮೆಷಿನ್ನು ಒಮ್ಮೆ ಗೊಣಗಿತು,
ಸೂಜಿ ಟಕ್ಕೆಂದಿತು.

ಮುರಿದ ಮೊನೆ ಎಲ್ಲಿ?
ಮಗುವಿನ ಕೆನ್ನೆ ತಾಗುವ ಜಾಗ ಅದು.
ದೀಪ ತಂದೆವು, ಕನ್ನಡಕ ತಂದೆವು,
ಬಟ್ಟೆಯ ಜುಂಗನ್ನು ಹೇನು ನೋಡಿದ ಹಾಗೆ ಬಿಡಿಸಿ ನೋಡಿದೆವು.
ರಾತ್ರಿ ಹನ್ನೊಂದೂವರೆಗೆ ವಿಟೋಲ್ಡ್
ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತದ ದೀಪಸ್ತಂಭ ಕಿತ್ತು ತಂದು
ಟವೆಲಿನ ಮೇಲೆ ಮೆಲ್ಲಗೆ ಸವರಿದ.
ಎಳ್ಳಿನ ಅರ್ಧದಷ್ಟು ಕಬ್ಬಿಣ ಬಂದು ಅಂಟಿತು.
ಆಮೇಲೆ ಇಬ್ಬರೂ ಚಹಾ ಕುಡಿದೆವು, ಮಾತಿಲ್ಲದೆ.

ಕಿವಿ ಹಚ್ಚಲಿಲ್ಲ.
ಹಿಂದೊಬ್ಬನಿಗೆ ಕರಡಿಯ ಕಿವಿ ಬೇಕಿತ್ತು.
ಯಾಗ್ನಾ ಬಂದರಿನ ಕ್ರೇನು ಕೇಳಿದಳು;
ಹಳದಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದರೆ
‘ಕೊಕ್ಕೆ ಎಲ್ಲಿ?’ ಅಂದಳು.
ಇವನದು ಇವನೇ ಹೇಳಲಿ.

ಗುರುವಾರ ಬಂದ. ಹೇಳಲಿಲ್ಲ.
ಸ್ನಾನದ ಮೇಲೆ ತಲೆಗೆ ತಂದರೆ ‘ಬೇಡ’,
ಆ ದಿನದ ಒಂದೇ ಮಾತು.
ಕಾಲಿಗೆ ಸುತ್ತಿಕೊಂಡು ಕೂತ.
ಟೊಪ್ಪಿ ಬಾಯಿ ತೆರೆದು ನೆಲದ ಮೇಲೆ ಬಿದ್ದಿತ್ತು.
ಮಲಗುವಾಗ ಟವೆಲನ್ನು ಬಿಡಲಿಲ್ಲ,
ಅಷ್ಟರಲ್ಲೇ ಖುಷಿಪಟ್ಟೆ.

ಸೋಮವಾರ ಒಗೆಯಲು ಎತ್ತಿದಾಗ ಭಾರವಿತ್ತು.
ಟೊಪ್ಪಿಯೊಳಗೆ ಅರ್ಧ ಬನ್ನು,
ಎರಡು ಪ್ಲಮ್ಮು, ಒಂದಕ್ಕೆ ಹಲ್ಲಿನ ಗುರುತು,
ಕಾಗದದಲ್ಲಿ ಸುತ್ತಿದ ಆಲೂಗಡ್ಡೆ,
ಎರಡು ದಿನದಿಂದ ನಾನು ಹುಡುಕುತ್ತಿದ್ದ ಸಕ್ಕರೆಯ ಚಮಚ.

ಬಾಲ್ಕನಿಯಲ್ಲಿ ಕೊಡವಿದೆ. ಕಡಲಹಕ್ಕಿಗಳು ಕಿರುಚಿ ಎರಗಿದವು.
ಒಗೆದೆ, ಹೀಟರಿನ ಮೇಲೆ ಒಣಗಿಸಿದೆ,
ಗಟ್ಟಿ ಬನ್ನಿನ ಜಾಗಕ್ಕೆ ಬೆಳಗಿನ ಬನ್ನು ಇಟ್ಟೆ,
ಚಮಚವನ್ನೂ ಇಟ್ಟೆ.

ತಿರುಗಿದರೆ ಬಾಗಿಲಲ್ಲಿ ನಿಂತಿದ್ದಾನೆ,
ಎಷ್ಟು ಹೊತ್ತಿನಿಂದಲೋ.
ಏನೆಂದು ಹೇಳುವುದು?
‘ಹೊಲಿಗೆ ಗಟ್ಟಿ ಇದೆ’ ಅಂದೆ,
ನೆರಿಗೆಯ ಹತ್ತಿರ ಹಿಡಿದು ತೋರಿಸಿದೆ.

ಹತ್ತಿರ ಬಂದ.
ಎರಡೂ ಕೈಯಲ್ಲಿ ಹಿಡಿದು
ಜಗ್ಗಿ ನೋಡಿದ,
ಎರಡು ಸಲ.