ಅರ್ಥ

ಉದ್ಯಮಬಾಗದ ನಮ್ಮ ಶೆಡ್ಡಿನ ಹಿಂದೆ
ಅರ್ಥ ಎಂದರೆ ಮೊಳ ಅಗಲದ ಗುಂಡಿ:
ಇದ್ದಿಲು, ಹರಳುಪ್ಪು, ತಾಮ್ರದ ಒಂದು ತಗಡು.
ಮುಂಜಾನೆ ಬಂದವನೇ ಮೀರಾಸಾಬ ಅದಕ್ಕೆ ನೀರು ಹಾಕುತ್ತಾನೆ,
ಗಿಡಕ್ಕೆ ಹಾಕಿದ ಹಾಗೆ, ಒಂದು ತಂಬಿಗೆ,
ಬೇಸಿಗೆಯಾದರೆ ಎರಡು.
ಮೂವತ್ತು ವರ್ಷ ಪಂಪ್‌ಸೆಟ್ಟಿನ ಮೋಟಾರು ಸುತ್ತಿದವ,
ಬೆರಳ ತುದಿಯಿಂದಲೇ ಗೇಜು ಹೇಳುತ್ತಾನೆ.

ಒಳಗೆ, ಹಳೆಯ ಲೇಥಿನ ಕಾಲಿಗೆ ಕಟ್ಟಿ ಹಾಕಿದ್ದೇವೆ
ಹದಿನಾಲ್ಕು ಮೀಟರಿನ ನಮ್ಮ ಗಾಳಿಹಡಗನ್ನು.
ಅಂಬಿಗನಿಲ್ಲ. ಹೀಲಿಯಂ ಕುಡಿದ ಎಮ್ಮೆ.
ಬಾಗಿಲು ತೆರೆದರೆ ಸಾಕು,
ಮೂಗು ತಿರುಗಿಸುತ್ತದೆ ಹೊರಗಿನ ಗಾಳಿಯತ್ತ.

ಅದು ಹೊರುವುದು ಆರು ಕಿಲೋ.
ಅಷ್ಟರಲ್ಲೇ ಬ್ಯಾಟರಿ, ಜಿಪಿಎಸ್, ರೇಡಿಯೋ, ಕ್ಯಾಮೆರಾ,
ಮಿದುಳಿನ ಹಸಿರು ಬೋರ್ಡು,
ಮತ್ತು ಇವರೆಲ್ಲರನ್ನು ಮಾತಿಗೆ ಕೂರಿಸುವ ತಂತಿ.
ಶಹಾಪುರದ ಸರಾಫರೊಬ್ಬರಿಂದ ತಕ್ಕಡಿ ಎರವಲು ತಂದೆ.
ಪದ್ಮಲತಾ ತಂತಿ ತೂಗುತ್ತಾಳೆ, ಬರೆಯುತ್ತಾಳೆ,
ನನ್ನನ್ನು ಬೈದು ಇನ್ನೊಂದು ಗೇಣು ಕತ್ತರಿಸುತ್ತಾಳೆ.
ಹನ್ನೆರಡು ವೋಲ್ಟನ್ನು ನಲವತ್ತೆಂಟಕ್ಕೆ ಏರಿಸಿದ ದಿನ
ತಂತಿ ಸಣಕಲಾಗಿ ಮುನ್ನೂರು ಗ್ರಾಂ ಉಳಿಯಿತು.
ಮೂವರೂ ಮಿರ್ಚಿ ತಿಂದೆವು.

ಹಗಲು ಸುಲಭ; ಬೆನ್ನ ಮೇಲಿನ ಸೋಲಾರ್ ಹಾಳೆ ದುಡಿಯುತ್ತದೆ.
ನಾನು ಕೂತು ಗೀಚುತ್ತಿರುವುದು ರಾತ್ರಿಯ ನಕ್ಷೆ.
ಹನ್ನೊಂದು ತಾಸು. ಕೊರತೆ ಬಿದ್ದರೆ ಮೊದಲು ಯಾರನ್ನು ಆರಿಸುವುದು?
ಲೋಡ್ ಶೆಡ್ಡಿಂಗಿನಲ್ಲಿ ಓದಿ ಪಾಸಾದವಳಿಗೆ
ಇದನ್ನು ಯಾರೂ ಕಲಿಸಬೇಕಿಲ್ಲ.
ಮೊದಲು ಕ್ಯಾಮೆರಾ.
ಆಮೇಲೆ ಮಾತು, ಸೆಕೆಂಡಿಗೆ ಹತ್ತಿದ್ದದ್ದು ನಿಮಿಷಕ್ಕೊಂದು.
ಆಮೇಲೆ ಫ್ಯಾನು.
ಕೊನೆಗೆ ಉಳಿಯುವುದು ಕೆಂಪು ದೀಪ
ಮತ್ತು ಒಂದು ವಾಲ್ವು:
ಕರೆಂಟಿರುವ ತನಕ ಬಾಯಿ ಬಿಗಿಹಿಡಿದಿರುತ್ತದೆ,
ಕರೆಂಟು ಸತ್ತರೆ ಸ್ಪ್ರಿಂಗು ತೆರೆದು ಉಸಿರು ಬಿಡುತ್ತದೆ,
ಎಲ್ಲಾದರೂ ಸರಿ, ಮೆಲ್ಲಗೆ ಇಳಿಯಲಿ ಎಂದು.

‘ಎಲ್ಲಾ ಖರೆ ಐತ್ರಿ’ ಅಂದ ಮೀರಾಸಾಬ,
‘ಅರ್ಥ ಎಲ್ಲೈತಿ ಇದಕ?
ಮ್ಯಾಲೆ ನೆಲಾನ ಇಲ್ಲ. ನೀರ ಎಲ್ಲಿ ಹಾಕೂದು?’

ತೋರಿಸಿದೆ: ಹೊಟ್ಟೆಯಡಿಯ ತಟ್ಟೆಯಲ್ಲಿ
ಹಿತ್ತಾಳೆಯ ಒಂದು ಬೋಲ್ಟು.
ಎಲ್ಲ ಮೈನಸ್ಸೂ ಇಲ್ಲಿಗೇ ಬರಬೇಕು, ನೇರ,
ದಾರಿಯಲ್ಲಿ ಇನ್ನೊಬ್ಬರ ಮನೆ ಹೊಕ್ಕು ಬರುವಂತಿಲ್ಲ;
ಹೊಕ್ಕರೆ ಫ್ಯಾನಿನ ಜಗಳ ದಿಕ್ಸೂಚಿಯ ಕಿವಿಗೆ ಬಿದ್ದು
ಅದು ಉತ್ತರವನ್ನೇ ಮರೆಯುತ್ತದೆ.
ಎಲ್ಲರೂ ಕೂಡಿ ಸೊನ್ನೆ ಎಂದದ್ದೇ ಇಲ್ಲಿ ಸೊನ್ನೆ.
ತೂಕ, ಒಂಬತ್ತು ಗ್ರಾಂ.
ಆತ ಬೋಲ್ಟು ಮುಟ್ಟಿ ನೋಡಿದ.
ನಂಬಲಿಲ್ಲ.

ಮೊನ್ನೆ ಮೊದಲ ರಾತ್ರಿ, ಕಾಕತಿಯಾಚೆ, ಕೊಯ್ದ ಜೋಳದ ಹೊಲ.
ಮೂರು ಗಂಟೆಗೆ ವೋಲ್ಟೇಜು ನಲವತ್ಮೂರಕ್ಕೆ ಬಿತ್ತು.
ಕ್ಯಾಮೆರಾ ಹೋಯಿತು. ಮಾತು ನಿಮಿಷಕ್ಕೊಂದಾಯಿತು.
ಇದ್ದೇನೆ, ಅಂದಿತು.
ಐವತ್ತೊಂಬತ್ತು ಸೆಕೆಂಡು
ಪದ್ಮಲತಾ ಕೂಳೆ ಕಿತ್ತಳು, ನಾನು ಉಗುರು ಕಡಿದೆ.
ಇದ್ದೇನೆ, ಅಂದಿತು.

ಬೆಳಗಾಗಿ ಕೆಳಗಿಳಿಯುವಾಗ ಆಕೆ ಹಗ್ಗ ಹಿಡಿಯಲು ಓಡಿದಳು.
‘ಮುಟ್ಟಬ್ಯಾಡ!’ ಮೀರಾಸಾಬ ಚೀರಿದ,
‘ಮೊದಲ ನೆಲಾ ಮುಟ್ಲಿ ಅದು!’
ಹಗ್ಗದೊಳಗಿನ ತಂತಿ ಮಣ್ಣಿಗೆ ತಾಗಿತು.
ಚಟ್. ಕೂದಲೆಳೆಯಷ್ಟು ನೀಲಿ.

ಗಾಡಿಯಲ್ಲಿ ತಂಬಿಗೆ ತಂದಿದ್ದ.
ಹಗ್ಗ ತಾಗಿದ ಜಾಗ ಹುಡುಕಿ ನೀರು ಹೊಯ್ದ,
ಒಂದು ತಂಬಿಗೆ.
ನಿಂತು ನೋಡಿ, ಇನ್ನರ್ಧ.