ಅರ್ಧ ಟಿಕೆಟ್

ಮೂವತ್ತೊಂದು ವರ್ಷ
ತಾಳಿಕೋಟಿ–ವಿಜಾಪುರ ಗಾಡಿಯೊಳಗ
ಕಂಬಿ ಹಿಡದವ ಅಲ್ಲ ನಾ.
ಬಗಲಾಗ ಚೀಲ, ಬೆರಳ ಸಂದ್ಯಾಗ ನೋಟು,
ಮನಗೂಳಿ ತಿರುವಿನ್ಯಾಗ
ಮಂದಿ ಒಬ್ಬರ ಮ್ಯಾಲೊಬ್ಬರು ಬೀಳೂ ಹೊತ್ತಿಗೆ
ಟೊಂಕ ಒಂಚೂರು ಆ ಕಡೆ ವಾಲಿಸಿ
ಚಿಲ್ಲರೆ ಎಣಿಸಿ ಕೊಡತಿದ್ದೆ.

ಬಿದ್ದದ್ದು ಬಚ್ಚಲದಾಗ.
ಮೂರಿಂಚಿನ ಕಟ್ಟಿ, ಹಸಿ ಗೋಣಿತಟ್ಟು,
ಬೆಳಗಿನ ಐದೂವರಿ.
ಸಪ್ಪಳ ದೊಡ್ಡದೇನಲ್ಲ,
ಒಣ ತೊಗರಿಕಟ್ಟಿಗಿ ಮೊಣಕಾಲಿಗೆ ಹಚ್ಚಿ ಮುರದಂಗ.
ಎಡಗಾಲು ಗಿಡ್ಡಾತು, ಪಾದ ಹೊರಗ ಹೊಳ್ಳಿತು,
ಯಾರದೋ ಕಾಲು ತಂದು
ನನಗ ಹಚ್ಚಿಬಿಟ್ಟಂಗ.

ತತ್ತಿಲೋಳಿ ಪಟ್ಟಿ ಕಟ್ಟಿಸ್ರಿ ಅಂತು ಓಣಿ.
ಅಳಿಯ ಪ್ರಭು ಮಾತಾಡಲಿಲ್ಲ.
ಹಿತ್ತಲ ಬಾಗಿಲಾ ಕಿತ್ತ, ಅದರ ಮ್ಯಾಲ ಮಲಗಿಸಿ
ತನ್ನ ಟಂಟಂದಾಗ ಏರಿಸಿದ.
ಬಾಗೇವಾಡಿಯಿಂದ ಮುಂದಕ
ನಾ ದಿನಾ ಒದರತಿದ್ದ ಸ್ಟಾಪೆಲ್ಲಾ
ಅಂಗಾತ ಮಲಗಿ ನೋಡಿದೆ:
ವೈರು, ಬೇವಿನ ತುದಿ, ಮತ್ತ ವೈರು.

ಜಿಲ್ಲಾ ಆಸ್ಪತ್ರಿ, ಎಮರ್ಜೆನ್ಸಿ ವಾರ್ಡು.
ಬಾಜೂ ಕಾಟಿನ್ಯಾಗ ಟಕ್ಕೆದ ಮಹಬೂಬಿ,
ಎಂಬತ್ತೊಂದು ವಯಸ್ಸು, ನನ್ನದs ಎಲುಬು,
ಆಕಿದು ಬಲಗಾಲು.
ಇಬ್ಬರ ಕಾಲಿಗೂ ಹಗ್ಗ, ಹಗ್ಗಕ್ಕ ಇಟ್ಟಂಗಿ.
ಹೊಳ್ಳಿ ನೋಡಿ ಗುರುತು ಹಿಡದಳು:
‘ಕಂಡಕ್ಟರ್ ಸಾಬ್, ನೀವs ಅಲ್ಲೇನು
ನನ್ನ ಕೋಳಿಗೆ ಅರ್ಧ ಟಿಕೆಟ್ ಹರದವರು?’
ನಕ್ಕಳು. ನಕ್ಕರ ನೋಯತಿತ್ತು, ಆದರೂ ನಕ್ಕಳು.
ರಾತ್ರಿ ತನ್ನ ಸ್ಟೀಲ್ ವಾಟಗದಾಗ
ಗೌರಾಬಾಯಿ ಕೈಯಾಗ ನನಗ ಚಾ ಕಳಸಿದಳು.

ಡಾಕ್ಟರ್ ಬಾಯಿ ಹುಡುಗಿ, ಮೊಮ್ಮಗಳ ವಯಸ್ಸು.
‘ಎರಡು ದಿನದಾಗ ಆಪರೇಷನ್ ಆಗಬೇಕ್ರಿ ಅಜ್ಜಾರ.
ಮಲಗಿದಷ್ಟೂ ಎದಿಯಾಗ ಕಫ,
ಬೆನ್ನಾಗ ಹುಣ್ಣು, ಕಾಲಾಗ ರಕ್ತ ಗಡ್ಡಿ ಕಟ್ಟತೈತಿ.’
ಮಾಡಿದ್ರ ಬದಕತೀನೇನವಾ ಅಂದೆ.
ಸುಳ್ಳು ಹೇಳಲಿಲ್ಲ ಆಕಿ:
‘ಒಂದು ವರ್ಷ ದಾಟೂದು ಎಲ್ಲಾರ್ಗೂ ಆಗೂದಿಲ್ಲ.
ದಾಟಸಾಕ ನೋಡೂಣು.’

ಮಹಬೂಬಿ ಮಕ್ಕಳು ಹೊರಗ ಬಾಳೊತ್ತು ಮಾತಾಡಿದರು.
ಸಕ್ರಿ ಐತಿ, ವಯಸ್ಸಾಗೇತಿ, ಕೊಯ್ಸೂದು ಬ್ಯಾಡ.
ಮುಂಜಾನಿ ಚಾದರದ ನಾಕೂ ತುದಿ ಹಿಡದು
ಎತಗೊಂಡು ಹ್ವಾದರು.
ವಾಟಗ ನಮ್ಮ ಸ್ಟೂಲಿನ ಮ್ಯಾಲs ಉಳೀತು.

ನನಗ ಬೆನ್ನಾಗ ಒಂದು ಸೂಜಿ.
ಟೊಂಕದ ಕೆಳಗ ನಾ ಇರಲಿಲ್ಲ, ಕಿವಿ ಇದ್ದವು:
ಡಿಪೋದಾಗ ರಿಮ್ಮಿಗೆ ಸುತ್ತಿಗಿ ಬಡದಂಗ ಟಣ್, ಟಣ್.
ಉಕ್ಕಿನ ಗುಂಡೊಂದು
ಒಳಗ ತನ್ನ ಸೀಟು ಹಿಡೀತು.

ಮರುದಿನs ನಿಂದ್ರಿಸಿದ ಒಬ್ಬ ಹುಡುಗ.
ವಾಕರಿಂದು ನಾಕು ಕಾಲು, ನಂದು ಒಂದೂವರಿ.
‘ರೈಟ್ ಅನ್ರಿ ಅಜ್ಜಾರ, ಗಾಡಿ ಬಿಡೂಣು.’
ಬಾಯಿಗೆ ಬಂದದ್ದು
ಹೋಲ್ಡಾನ್.

ಆಮ್ಯಾಲಿಂದು ಹೇಳೂವಂಥಾದ್ದಲ್ಲ.
ಎರಡು ತಾಸಿಗೊಮ್ಮಿ ಅಲಾರಾಂ,
ಎರಡು ತಾಸಿಗೊಮ್ಮಿ ಗೌರಾಬಾಯಿ ಎದ್ದು
ನನ್ನ ಮಗ್ಗಲಾ ತಿರುವತಿದ್ದಳು,
ಬೈತಿದ್ದೆ, ತಿರುವತಿದ್ದಳು.
ಮೂರನೇ ತಿಂಗಳು ಜ್ವರ.
ಚಕ್ಕಳಮಕ್ಕಳ ಕುಂದ್ರೂದು ಈ ಜನ್ಮಕ್ಕ ಮುಗೀತು;
ಎಲ್ಲಾರೂ ನೆಲದ ಮ್ಯಾಲ ಉಣ್ಣೂವಾಗ
ನಾ ಒಬ್ಬನs ಕುರ್ಚಿ ಮ್ಯಾಲ, ಪಂಚಾಯ್ತಿ ಹಿರಿಯನಂಗ.

ವಾಟಗ ಮುಟ್ಟಿಸಿ ಬಾ ಅಂತ ಪ್ರಭುನ್ನ ಕಳಸಿದ್ದೆ.
ಹೊಳ್ಳಿ ತಂದ.
ಹತ್ತೊಂಬತ್ತು ದಿನ ಅಂತ.
ತಿರುವಿ ಮಲಗಿಸಿದರ ಒದರತಿದ್ದಳಂತ,
ಕೇಳಲಾರದ
ತಿರುವೂದು ಬಿಟ್ಟರಂತ.
ಮಕ್ಕಳು ಕೆಟ್ಟವರಲ್ಲ. ವಾಟಗ ನೋಡಿ ಅತ್ತು,
ನಿಮ್ಮಲ್ಲೇ ಇರಲಿ ಅಂದರಂತ.

ಬಚ್ಚಲ ಗ್ವಾಡಿಗೆ ಈಗೊಂದು ಕಂಬಿ ಬಂದೈತಿ,
ಗುಜರಿ ಬಸ್ಸಿಂದು, ಪ್ರಭು ಹುಡಿಕಿ ತಂದದ್ದು.
ಹಿಡೀತೀನಿ.
ಹನ್ನೊಂದು ತಿಂಗಳಾತು.
ಮುಂಜಾನಿ ಕಟ್ಟಿ ಮ್ಯಾಲ ಕುಂತು
ಚುಕ್ಕಿ ಚುಕ್ಕಿ ಬಡದ ಹೆಸರಿನ ವಾಟಗದಾಗ ಚಾ ಕುಡೀತೀನಿ,
ಹೆಬ್ಬೆರಳು ‘ಮ’ದ ಮ್ಯಾಲ ಆಡತೈತಿ.
ಒಮ್ಮೊಮ್ಮಿ ಅನಸತೈತಿ,
ಆ ಕೋಳಿಗೆ
ಟಿಕೆಟ್ ಹರೀಬಾರದಿತ್ತು.