ಒಂದಕ್ಕೆ ಎಂಟು

ಮೊದಲು ಹೋದದ್ದು ಅವನ ಮುಖ.
ಕಿವಿ ಕಾಣುತ್ತಿತ್ತು, ಅಂಗಿಯ ಕಾಲರು ಕಾಣುತ್ತಿತ್ತು,
ನಡುವೆ ಬೂದಿ ಮೆತ್ತಿದ ಹಂಚಿನಷ್ಟು ಮಬ್ಬು.
ನೋಡಿದಲ್ಲಿ ಏನೂ ಇಲ್ಲ,
ನೋಡದೆ ಬಿಟ್ಟಲ್ಲಿ ಎಲ್ಲ ಇದೆ.

ಭಟ್ಟಿಯ ಹೊಗೆ ಅಂದರು ಓಣಿಯವರು.
ಇಪ್ಪತ್ತು ವರ್ಷ ಕಾದ ಮರಳಲ್ಲಿ ಅಕ್ಕಿ ಅರಳಿಸಿ
ಮರಳು ಬೇರೆ, ಮಂಡಕ್ಕಿ ಬೇರೆ ಮಾಡಿದವಳಿಗೆ
ಹೊಗೆ ಯಾವುದೆಂದು ಗೊತ್ತಿಲ್ಲವೇ?
ಆದರೂ ಹೂಂ ಅಂದೆ. ರೋಜ್ ವಾಟರ್ ಬಿಟ್ಟುಕೊಂಡೆ.
ಬೇಸಗೆಯಲ್ಲಿ ಅಂಗೈ ತುಂಬ ತಾಮ್ರದ ಬಣ್ಣದ ಬೊಟ್ಟು ಎದ್ದಾಗಲೂ
ಬಿಸಿ ಮರಳನ್ನೇ ಬೈದಿದ್ದೆ.

ದಾವಣಗೆರೆ ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು
ಕಣ್ಣೊಳಗೆ ದೀಪ ಹಾಯಿಸಿ ಬಹಳ ಹೊತ್ತು ಸುಮ್ಮನಿದ್ದಳು.
‘ಒಳಗಿನ ಪರದೆ ಮೇಲೆ ಬಿಳಿ ಕಾಳು ಚೆಲ್ಲಿದ ಹಾಗಿದೆ, ಜೈತುನ್‌ಬಿ.’
ಮಂಡಕ್ಕಿಯಾ? ಅಂದೆ. ನಗಲಿಲ್ಲ.
ರಕ್ತ ತೆಗೆದರು. ಮೂರನೇ ದಿನ
ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡಳು.
ಒಂದಕ್ಕೆ ಇನ್ನೂರೈವತ್ತಾರು ಅಂದಳು.
ಆಮೇಲೆ ಕಾಯಿಲೆಯ ಹೆಸರು.
ಆಮೇಲೆ, ‘ಮನೆಯವರನ್ನೂ ಕರೆದುಕೊಂಡು ಬನ್ನಿ.’

ಹದಿನಾಲ್ಕು ದಿನ, ನಾಲ್ಕು ತಾಸಿಗೊಮ್ಮೆ ಪೆನಿಸಿಲಿನ್.
ಮೊದಲ ರಾತ್ರಿ ಚಳಿಜ್ವರಕ್ಕೆ ಮಂಚವೇ ನಡುಗಿತು.
‘ಹುಳ ಸಾಯ್ತಿವೆ, ಒಳ್ಳೇದೇ’ ಅಂದಳು ಸಿಸ್ಟರ್ ಫಿಲೋಮಿನಾ,
ಎರಡು ಗಂಟೆಯ ಔಷಧಿ ಏರಿಸುತ್ತ, ಆಕಳಿಸುತ್ತ.

ಅವನೂ ಬಂದ. ಕೆಳಗೆ ಚುಚ್ಚಿಸಿಕೊಂಡು, ಕುಂಟುತ್ತ,
ಸ್ಟೂಲಿನ ಮೇಲೆ ಕೂರಲಾರದೆ ನಿಂತೇ ಇದ್ದ.
ಕೈಯಲ್ಲಿ ನರ್ಗೀಸ್ ಮಂಡಕ್ಕಿಯ ಪೊಟ್ಟಣ.
ನರ್ಗೀಸ್ ಅಂದರೆ ಕಣ್ಣಿನಂಥ ಹೂ, ನಾನಿ ಹೇಳುತ್ತಿದ್ದಳು.
ಬೇರೆ ಯಾರದೋ ಭಟ್ಟಿಯದು. ಹಲ್ಲಿಗೆ ಮರಳು ಸಿಕ್ಕಿತು.
ಆ ದಿನವೆಲ್ಲ ನಾನಾಡಿದ್ದು ಒಂದೇ ಮಾತು:
‘ಸರಿಯಾಗಿ ಜರಡಿ ಹಿಡಿದಿಲ್ಲ.’

ಒಂಬತ್ತನೇ ದಿನ ಗೋಡೆಯ ಕ್ಯಾಲೆಂಡರಿನಲ್ಲಿ
ಮೊದಲು ಕೆಂಪು ಬಂತು, ಬರೀ ಭಾನುವಾರಗಳು.
ಮರುದಿನ ಸೋಮವಾರ, ಮಂಗಳವಾರ.
ಬಿಡುಗಡೆಯ ಹೊತ್ತಿಗೆ ಮೂಲೆಯ ಸಣ್ಣ ಉರ್ದು ಅಂಕಿ ಕೂಡ.

ತಿಂಗಳು ಬಿಟ್ಟು ಕಣ್ಣಿನ ಫೋಟೊ ತೋರಿಸಿದಳು.
ಹಳೆಯದರಲ್ಲಿ ಪರದೆಯ ಗೆರೆ ಇಲಿ ಕಡಿದ ದಾರ.
ಹೊಸದರಲ್ಲಿ ಕೂಡಿಕೊಂಡಿದೆ, ಗಂಟು ಸಹ ಇಲ್ಲ.
‘ಕಲೆಯೂ ಉಳಿದಿಲ್ಲ ನೋಡಿ!’
ತನ್ನದೇ ಕಣ್ಣು ಬಂದಷ್ಟು ಖುಷಿ ಹುಡುಗಿಗೆ.
ಆರು ತಿಂಗಳಿಗೆ ರಕ್ತ, ಒಂದಕ್ಕೆ ಎಂಟು.
‘ಇನ್ನೊಂದು ಪರೀಕ್ಷೆ ಇದೆ. ಅದು ಮಾತ್ರ
ಬಹುಶಃ ಸಾಯೋವರೆಗೂ ಹೌದು ಅಂತಲೇ ಹೇಳುತ್ತೆ.
ಹೆದರಬೇಡಿ, ಕಾಯಿಲೆ ಹೋಗಿದೆ.
ರಕ್ತಕ್ಕೆ ನೆನಪು, ಅಷ್ಟೇ.’

ಈಗ ಅವನ ಮುಖ ಪೂರ್ತಿ ಕಾಣುತ್ತದೆ.
ಹುಬ್ಬಿನ ಹಳೇ ಗಾಯ, ಮೀಸೆಯಲ್ಲಿ ಎರಡು ಬಿಳಿ ಕೂದಲು,
ಏನೋ ಹೇಳಲು ತೆರೆದು ಮುಚ್ಚುವ ಬಾಯಿ.
ಯಾರು, ಎಲ್ಲಿ, ಕೇಳಿಲ್ಲ.
ನಸುಕಿಗೆ ನಾಲ್ಕಕ್ಕೆ ಭಟ್ಟಿ ಹಚ್ಚುತ್ತೇವೆ.
ಅವನು ಹುರಿಯುತ್ತಾನೆ.
ನಾನು ಎರಡು ಸಲ ಜರಡಿ ಹಿಡಿಯುತ್ತೇನೆ.
ಮೊದಲೆಲ್ಲ ಒಂದು ಸಲಕ್ಕೆ ಸಾಕಾಗುತ್ತಿತ್ತು.